ಗುರುವಾರ, ನಾಲ್ಕು ಗಂಟೆ, ಬೀಡಿಯವರು

ಮೆಟ್ಟಿಲ ಮೇಲೆ ಕರ್ ಎಂದಿತು, ಬಂದರು, ಇಲ್ಲ, ಅದು ಫ್ಯಾನು, ಮೂರು ಸುತ್ತಿಗೊಮ್ಮೆ ಕರ್ ಎನ್ನುವುದು ಅದರ ಹಳೆಯ ಚಾಳಿ, ಒಂಬತ್ತು ವರ್ಷದಿಂದ ಅದರ ಕೆಳಗೇ ಕೂತಿದ್ದಾಳೆ ಕಾಂತಾ, ಆದರೂ ಗುರುವಾರ ಮಧ್ಯಾಹ್ನ ಮೂರು ದಾಟಿತೆಂದರೆ ಕಿವಿ ಅವಳ ಮಾತು ಕೇಳುವುದಿಲ್ಲ, ಫ್ಯಾನಿನ ಸದ್ದನ್ನೂ ಚಪ್ಪಲಿಯ ಸದ್ದು ಮಾಡಿಕೊಳ್ಳುತ್ತದೆ, ಮೂವತ್ತೆಂಟು ವರ್ಷದ ಕಿವಿ, ಸ್ವಲ್ಪ ನಾಚಿಕೆಯಾದರೂ ಬೇಡವೇ ಅದಕ್ಕೆ — ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತು. ನಾಲ್ಕಕ್ಕೆ ಹೆಸರು ಹೇಳಬೇಕು. ನಾಕಕ್ಕ ನನಗ ಹೆಸರು ಬೇಕ್ರಿ ಬಾಯಾರ, ಎಂದಿದ್ದಾರೆ ತ್ರ್ಯಂಬಕರಾಯರು, ಖಡೇಬಜಾರಿನ ಈ ಮಾಳಿಗೆಯ ವಕೀಲ ಕಚೇರಿಯ ಯಜಮಾನರು, ಆ ಬೀಡಿ ಊರಾಂವನ ಹೆಸರ ಹನ್ನೊಂದು ಗುರುವಾರ ನನ್ನ ಭೇಟಿ ಪುಸ್ತಕದಾಗ ಯಾರು ಬರೆಸಿದ್ರು, ಅಷ್ಟ ಪತ್ತೆ ಮಾಡಿ ಕೊಡ್ರಿ, ನಿಮ್ಮಷ್ಟು ಚಂದ ಯಾರೂ ಹುಡುಕೂದಿಲ್ಲ. ಹುಡುಕುವುದೇನು ಬಂತು. ಬರೆಸಿದವಳು ಅವಳೇ, ಟೈಪ್ ಹೊಡೆದವಳು ಅವಳೇ, ಅಂಟು ಹಚ್ಚಿ ಪುಸ್ತಕಕ್ಕೆ ಅಂಟಿಸಿದವಳೂ ಅವಳೇ, ಈಗ ಕಳ್ಳನನ್ನು ಹಿಡಿಯಲು ನೇಮಕವಾದವಳೂ ಅವಳೇ, ಕೇಳಿದವರು ನಗಬೇಕು, ನಗಲು ಯಾರಿಗೆ ಹೇಳುವುದು, ಶಿವಬಸವ ನಗರದ ಆ ಒಂಟಿ ಕೋಣೆಯಲ್ಲಿ ಸ್ಟೋವಿಗೆ ಹೇಳಬೇಕು. ಸ್ಟೋವಿನ ಬತ್ತಿ ಬದಲಿಸಬೇಕಿತ್ತು, ಇವತ್ತೂ ಮರೆತಳು.

ಮುಂದಿನ ಮೇಜಿನ ಮೇಲೆ ಚೀಟಿ ಚುಚ್ಚಿಡುವ ಉದ್ದ ಸೂಜಿ ನಿಂತಿದೆ, ಆರು ತಿಂಗಳ ಚೀಟಿಗಳು, ಬುಡದವು ಹಳದಿ, ಮೇಲಿನವು ಬಿಳಿ. ಈ ಕಚೇರಿಯಲ್ಲಿ ಕಕ್ಷಿದಾರನಿಗೆ ಸಮಯ ಯಾರು ಬೇಕಾದರೂ ಕೊಡಬಹುದು, ರಾಯರು, ಕೈಕೆಳಗಿನ ಇಬ್ಬರು ಹೊಸ ವಕೀಲರು, ಗುಮಾಸ್ತ ಪಂಢರಿನಾಥ, ಕೊಟ್ಟವರು ಹೆಸರು, ಊರು, ಹೊತ್ತು ಒಂದು ಚೀಟಿಯಲ್ಲಿ ಗೀಚಿ ಸೂಜಿಗೆ ಚುಚ್ಚಿದರಾಯಿತು, ಸೋಮವಾರ ಬೆಳಿಗ್ಗೆ ಕಾಂತಾ ಎಲ್ಲವನ್ನೂ ಒಂದು ಹಾಳೆಗೆ ಟೈಪ್ ಮಾಡುತ್ತಾಳೆ, ಒಮ್ಮೆ ಟೈಪ್ ಆಯಿತೋ ಎಲ್ಲ ಹೆಸರೂ ಒಂದೇ ಮುಖದವು, ಯಾರು ತಂದರು ಯಾರು ಬಿಟ್ಟರು ಯಾರಿಗೂ ಬೇಕಿಲ್ಲ. ಗುರುಪುತ್ರಪ್ಪ, ಬೀಡಿ, ನಾಲ್ಕು ಗಂಟೆ. ಮೊದಲ ಸಲ ಆ ಚೀಟಿ ಪಂಢರಿನಾಥರ ಕೈಯದೇ, ಹೋದ ದೀಪಾವಳಿ ಆದ ಮೇಲೆ, ಬಾವಿಯ ಪಾಲಿನ ತಕರಾರು, ದಾಯಾದಿ ಮೇಲೆ ದಾವೆ. ಕರ್ ಕರ್ ಎನ್ನುವ ಹೊಸ ಕೊಲ್ಹಾಪುರಿ ಚಪ್ಪಲಿ ಮೆಟ್ಟಿಲೇರಿ ಬಂತು, ಹಳ್ಳಿಯಿಂದ ಬಂದವರೆಲ್ಲ ಹಾಗೆ, ವಕೀಲರ ಕಚೇರಿಯೆಂದರೂ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟೇ ಒಳಗೆ ಬರುವುದು, ಅವರು ಬೆಂಚಿನ ಮೇಲೆ ಕೂತು ಅತ್ತಿತ್ತ ನೋಡಿ ಇವಳತ್ತ ತಿರುಗಿ ಕೇಳಿದ್ದು — ಊಟ ಆತೇನ್ರಿ ಬಾಯಾರ? ಮಧ್ಯಾಹ್ನದ ನಾಲ್ಕು ಗಂಟೆಗೆ ಯಾರಾದರೂ ಊಟ ಕೇಳುತ್ತಾರೆಯೇ, ಅವಳಿಗೆ ನಗು ಬಂದಿತ್ತು, ಆಗಿತ್ತು ಎಂದಿದ್ದಳು, ಆಗಿರಲಿಲ್ಲ. ಅವ್ವ ತೀರಿದ ಮೇಲೆ ಆ ಮಾತನ್ನು ಅವಳಿಗೆ ಕೇಳಿದವರು ಯಾರೂ ಇರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ರಾತ್ರಿ ಅಲ್ಲ, ಮರುದಿನವೂ ಅಲ್ಲ, ಮುಂದಿನ ಗುರುವಾರ ಅವರು ಮತ್ತೆ ಅದನ್ನೇ ಕೇಳಿದಾಗ. ಆಮೇಲೊಂದು ದಿನ, ಈ ಮಷೀನಿನ್ಯಾಗ ನಮ್ಮೂರ ಹೆಸರ ಹೆಂಗ ಕಾಣತೈತಿ, ಹೊಡದ ತೋರಸ್ರಿ, ಅವಳು ಒಂದು ಚೂರು ಕಾಗದದಲ್ಲಿ ಬೀಡಿ ಎಂದು ಹೊಡೆದು ಕೊಟ್ಟಳು, ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡರು, ಹೆಂಡತಿ ಸತ್ತು ಆರು ವರ್ಷವಾದ ಮನುಷ್ಯ, ಪೇಟೆಗೆ ಬಂದ ಖುಷಿಗೆ ಏನೋ ಕೇಳಿದರು, ಅಷ್ಟೇ ಇದ್ದೀತು. ಅಷ್ಟೇ ಇತ್ತು. ಏಪ್ರಿಲ್ಲಿನಲ್ಲಿ ರಾಜಿಯಾಯಿತು, ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತ ಹೇಳಿದರು, ಮುಂದಿನ ಗುರುವಾರ ಬರ್ತೀನ್ರಿ ರಾಜಿಪತ್ರ ಒಯ್ಯಾಕ, ನಾಕಕ್ಕ ಹೆಸರ ಹಾಕಿಡ್ರಿ. ಹಾಕಿಟ್ಟಳು. ಅದು ಸುಳ್ಳಲ್ಲ, ಮೊದಲನೆಯದು ಖರೇನೇ ಖರೆ, ಬೇಕಾದರೆ ಆಣೆ ಮಾಡುತ್ತಾಳೆ.

ಬರಲಿಲ್ಲ. ಹೊಲದ ಕೆಲಸ ಇದ್ದೀತು, ಮುಂದಿನ ವಾರ ಬಂದು ಹೊತ್ತು ಸಿಗದೆ ಹಿಂದಿರುಗಿದರೆ ಹೇಗೆ, ಹಾಕಿಟ್ಟಳು, ಎರಡನೆಯದು, ಮೂರನೆಯದು, ಇವೂ ಸುಳ್ಳಲ್ಲ, ಅರ್ಧ ಸುಳ್ಳು. ರಾಯರಿಗಂತೂ ಆ ಅರ್ಧ ತಾಸು ಸಿಕ್ಕಿದ್ದೇ ಭಾಗ್ಯ, ಬೀಡಿಯಾಂವ ಬರಲಿಲ್ಲೇನು, ಇರಲಿ ಬಿಡ್ರಿ, ಅಂತ ಕಾಲು ಚಾಚಿ ಪೇಪರು ಬಿಡಿಸುತ್ತಿದ್ದರು, ನೂರೆಂಟು ದಾವೆಗಳಲ್ಲಿ ಯಾವುದು ಮುಗಿಯಿತು ಯಾವುದು ಉಳಿಯಿತು ಅವರಿಗೆ ನೆನಪಿರುವುದು ಹೊಲದ ನಂಬರು, ಮನುಷ್ಯರಲ್ಲ. ನಾಲ್ಕನೆಯ ವಾರ, ದಿನಾ ಖಾನಾಪುರದಿಂದ ಗಾಡಿಯಲ್ಲಿ ಬಂದುಹೋಗುವ ಪಂಢರಿನಾಥರು ಕೊಡೆ ಮಡಚುತ್ತ ಹಗುರವಾಗಿ ಅಂದರು, ಬೀಡಿಯವರ ರಾಜಿಪತ್ರ ನಾನ ಕೊಟ್ಟಬಿಟ್ಟೆ ನೋಡ್ರಿ ಕಾಂತಾಬಾಯಿ, ಖಾನಾಪುರ ಸ್ಟೇಷನ್ನಿಗೆ ಬಂದು ಇಸಗೊಂಡ್ರು, ಇಷ್ಟು ದೂರ ಅವರಿಗ್ಯಾಕ ತ್ರಾಸು. ಛಲೋ ಆತ್ರಿ, ಎಂದಳು ಕಾಂತಾ, ಛಲೋ ಆತು, ಇನ್ನು ಬರುವ ಕಾರಣವೇ ಇಲ್ಲ, ಅಲ್ಲಿಗೆ ಮುಗಿಯಿತು — ಮುಂದಿನ ಸೋಮವಾರ ಬೆರಳು ಮತ್ತೆ ಹೊಡೆಯಿತು, ಗುರುಪುತ್ರಪ್ಪ, ಬೀಡಿ, ನಾಲ್ಕು ಗಂಟೆ. ಹೊಡೆದ ಮೇಲೆ ಓದಿದಳು. ವಾರವೆಲ್ಲ ಆ ಪುಸ್ತಕ ಸ್ಟೂಲಿನ ಮೇಲೆ ಎಲ್ಲರ ಕಣ್ಣೆದುರು ಬಿದ್ದಿರುತ್ತದೆ, ಅದರಲ್ಲಿ ಒಂದು ಸಾಲು ಅವಳದು, ಗುರುವಾರ ನಾಲ್ಕಕ್ಕೆ ಯಾರೋ ಬರುವವರಿದ್ದಾರೆ ಎಂದು ಅಚ್ಚಾಗಿದೆ, ಸೋಮವಾರದಿಂದ ಗುರುವಾರದವರೆಗೆ ಅದು ನಿಜ, ಮೂರು ದಿನ ಚಿಲ್ಲರೆ. ಶುಕ್ರವಾರ ಶನಿವಾರ ಕಷ್ಟ. ಭಾನುವಾರ ತೀರ ಕಷ್ಟ, ಒಂದು ಭಾನುವಾರ ತಡೆಯಲಾರದೆ ರೈಲುಗಾಡಿ ಹತ್ತಿಬಿಟ್ಟಳು, ದೇಸೂರ ದಾಟಿತು, ಕಿಟಕಿಯಿಂದ ಹಸಿ ಗಾಳಿ, ಖಾನಾಪುರದಲ್ಲಿ ಇಳಿದು ಬಸ್‌ಸ್ಟ್ಯಾಂಡಿನವರೆಗೆ ನಡೆದು ಬೀಡಿಯ ಬಸ್ಸಿನ ಎದುರು ನಿಂತಳು, ಕಂಡಕ್ಟರ್ ಹತ್ತರಿ ಹತ್ತರಿ ಎಂದ, ಹತ್ತಿ ಹೋಗಿ ಏನೆಂದು ಹೇಳುವುದು, ಊಟ ಆಗಿಲ್ಲ ಎಂದು ಹೇಳುವುದೇ, ಬಸ್ಸು ಹೋಯಿತು. ಹಿಂದೆ ಹಾಲಿನ ತಂಬಿಗೆ ಹಿಡಿದು ಪಂಢರಿನಾಥರು. ಅರೇ, ಕಾಂತಾಬಾಯಿ, ನೀವು ಇಲ್ಲೆ? ನಮ್ಮವರೊಬ್ಬರ ಮನೀಗೆ ಬಂದಿದ್ದೆ ಎಂದಳು. ಅವರು ಹೋದ ಬಸ್ಸಿನ ಧೂಳನ್ನು ನೋಡಿದರು, ಅವಳನ್ನು ನೋಡಲಿಲ್ಲ, ಬರ್ರಿ, ಮನಿ ಇಲ್ಲೇ ಐತಿ, ಚಹಾ ಕುಡದ ಹೋಗೂಣು. ಅವರ ಹೆಂಡತಿ ಕೃಷ್ಣಾಬಾಯಿ ತಟ್ಟೆ ತುಂಬ ಅವಲಕ್ಕಿ ಹಾಕಿಕೊಟ್ಟು ಮರಾಠಿಯಲ್ಲಿ ಇನ್ನಷ್ಟು ಇನ್ನಷ್ಟು ಎಂದರು, ಮನೆಯ ಗೋಡೆಗೆಲ್ಲ ಮಕ್ಕಳ ಕೈ ಹೊಲಸು, ಎಷ್ಟು ಚಂದ ಇತ್ತು ಆ ಹೊಲಸು. ಪಂಢರಿನಾಥರಿಗೆ ಆವತ್ತೇ ಗೊತ್ತಾಗಿದೆ. ಗೊತ್ತಾಗಿಯೂ ಬಾಯಿಬಿಟ್ಟಿಲ್ಲ.

ಮತ್ತೆ ಕರ್, ಫ್ಯಾನು. ಮೂರೂ ಮೂವತ್ತೈದು. ಹೋದ ವಾರ, ಹನ್ನೊಂದನೆಯ ಗುರುವಾರವೂ ಇಷ್ಟೇ ಹೊತ್ತಿಗೆ, ಜುಲೈ ಮಳೆ ಹೊಯ್ಯುತ್ತಿತ್ತು, ಮೆಟ್ಟಿಲೇರಿದ ಚಪ್ಪಲಿಗೆ ಸದ್ದೇ ಇರಲಿಲ್ಲ, ನೀರು ಕುಡಿದ ಹಳೆಯ ಚಪ್ಪಲಿ, ಹೊಸ್ತಿಲ ಹೊರಗೆ ಜೋಡಿಸಿಟ್ಟು ಒಳಗೆ ಬಂದಳು ಮುದುಕಿ, ನಾ ಭರಮವ್ವರಿ, ದೇಸೂರದಾಕಿ, ಸಾಹೇಬರ ಹತ್ತರ ಒಂದು ಸಹಿ ಐತಿ. ಚೀಟಿ ಇರಲಿಲ್ಲ, ಪುಸ್ತಕದಲ್ಲಿ ಹೆಸರಿರಲಿಲ್ಲ. ಕುಂದರ್ರಿ ಆಯಿ, ಎಂದಳು ಕಾಂತಾ. ಮೂರೂವರೆಯವನು ಹೋದ, ನಾಲ್ಕಾಯಿತು, ಒಳಗಿನಿಂದ ರಾಯರು ಕೇಳಿದರು, ಬೀಡಿಯಾಂವ ಬಂದಾನೇನ್ರಿ? ಆಗ ಹೇಳಬಹುದಿತ್ತು, ಇಲ್ಲರಿ, ಬರೂದಿಲ್ಲ, ಈ ಆಯಿನ್ನ ಕಳಸ್ತೀನಿ. ಎಂಟು ಹೆಜ್ಜೆ, ಬಾಗಿಲಿನವರೆಗೆ ಎಂಟೇ ಹೆಜ್ಜೆ. ಬರ್ತಾರ್ರಿ, ಎಂದಳು. ಯಾಕೆ ಹಾಗೆಂದಳೋ, ನಾಲಗೆ ಅಂದುಬಿಟ್ಟಿತು, ಬರೂದಿಲ್ಲ ಎಂಬ ಮಾತನ್ನು ಬಾಯಿಬಿಟ್ಟು ಹೇಳಲು ಅವಳಿಂದ ಆಗಲಿಲ್ಲ, ಹೇಳಿದರೆ ಅದು ನಿಜವಾಗಿಬಿಡುತ್ತಿತ್ತು. ರಾಯರು ಪೇಪರು ಬಿಡಿಸಿದರು. ಮುದುಕಿ ಬೆಂಚಿನ ತುದಿಯಲ್ಲಿ, ಸೀರೆಯಿಂದ ನೀರು ತೊಟ್ಟಿಕ್ಕುತ್ತ, ಒಮ್ಮೆ ಮಾತ್ರ ಕೇಳಿದಳು, ಯವ್ವಾ, ನನ್ನ ಗಾಡಿಗೆ ಹೊತ್ತಾಗತೈತಿ. ಕಾಂತಾ ಅವಳ ಮುಖ ನೋಡಲಿಲ್ಲ, ಹೊಸ್ತಿಲು ನೋಡುತ್ತಿದ್ದಳು, ಹೊಸ್ತಿಲ ಹೊರಗೆ ಬರಬೇಕಾದ ಚಪ್ಪಲಿಯ ಜಾಗದಲ್ಲಿ ಈ ಚಪ್ಪಲಿ, ಎಡಗಾಲಿನದರ ಬಾರು ಕಿತ್ತು ಹಸಿರು ದಾರದಲ್ಲಿ ಹೊಲಿದದ್ದು, ಕೌದಿ ಹೊಲಿಯುವ ದಪ್ಪ ದಾರ, ಹಸಿ ಹಸಿರು, ಅದು ಅಲ್ಲಿರುವುದೇ ತಪ್ಪೆಂಬಂತೆ ಸಿಟ್ಟು ಬಂದಿತ್ತು ಅವಳಿಗೆ, ದೇವರೇ, ಸಿಟ್ಟು. ನಾಲ್ಕೂವರೆಗೆ ಮತ್ತೊಬ್ಬ ಬಂದ, ಐದಕ್ಕೆ ರಾಯರು ಕರಿಕೋಟು ಹಾಕಿಕೊಂಡು ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದರು, ತಲೆಯೆತ್ತಿ ನೋಡಿದರೆ ಹೊಸ್ತಿಲ ಹೊರಗೆ ನೀರಿನ ಎರಡು ಗುರುತು. ಹಿತ್ತಲ ದಾರಿಯ ತಕರಾರಿನ ಕಾಗದಕ್ಕೆ ಬೇಕಿದ್ದ ಆ ಸಹಿಗೆ ಅದೇ ಕೊನೆಯ ದಿನವಾಗಿತ್ತಂತೆ. ಸೋಮವಾರ ಪಂಢರಿನಾಥರೇ ಹೇಳಿದ್ದು, ದೇಸೂರದ ಮುದುಕಿದು ಮುದತ್ತು ಹೋತು, ಮೈದುನ ಹಿತ್ತಲದಾಗ ಗ್ವಾಡಿ ಏರಿಸಾಕ ಹತ್ಯಾನ, ಆಕಿಗೆ ನೀರಿಗೆ ಹೋಗು ದಾರಿನ ಇಲ್ಲ.

ದಾರಿ ಒಂದೇ ಇದೆ, ರಾಯರು ಭೇಟಿ ಪುಸ್ತಕ ತಿರುವಿ, ಏಪ್ರಿಲ್ಲಿಗೇ ಮುಗಿದ ದಾವೆಯ ಹೆಸರು ಕಂಡು, ಇವತ್ತು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದು ಅದನ್ನೇ, ತಡವಾದದ್ದು ಮುದುಕಿಯಿಂದಲ್ಲ ಕಚೇರಿಯ ತಪ್ಪಿನಿಂದ, ಆ ಹೆಸರು ಬರೆಸಿದವರು ಯಾರೋ ಅವರೇ ಪ್ರಮಾಣಪತ್ರ ಬರೆದುಕೊಟ್ಟರೆ ಕೋರ್ಟು ಮನ್ನಾ ಮಾಡೀತು, ನಾಳೆ ಕೊಡಬೇಕು, ಮತ್ತ ಅಂಥವರು ನಾಳಿಂದ ಈ ಮೆಟ್ಟಲ ಹತ್ತೂದು ಬ್ಯಾಡ. ಹೇಳುವಾಗ ನೋಡಿದ್ದು ಪಂಢರಿನಾಥರನ್ನು. ಖಾನಾಪುರದವರು, ಬೀಡಿ ಅದೇ ತಾಲೂಕು, ರಾತ್ರಿ ಚೀಟಿಯ ಸೂಜಿ ಇಡುವ ಕಪಾಟಿನ ಕೀಲಿ ಅವರ ಜನಿವಾರದಲ್ಲಿ, ತಮ್ಮವರಿಗಾಗಿ ಹೊತ್ತು ಹಿಡಿದಿಟ್ಟು ಆಮೇಲೆ ಚೀಟಿ ಕಿತ್ತುಹಾಕಿದ್ದಾರೆ ಎಂದು ರಾಯರ ಲೆಕ್ಕ. ಇಪ್ಪತ್ತಾರು ವರ್ಷದ ನೌಕರಿ. ಈಗ ಅವರು ಕಾಗದದ ಗಂಟು ಕಟ್ಟುತ್ತ ಅವಳ ಮೇಜಿನ ಹತ್ತಿರ ಬಂದು ನಿಂತಿದ್ದಾರೆ, ದನಿ ತಗ್ಗಿಸಿ, ಕಾಂತಾಬಾಯಿ, ನನ್ನ ಹೆಸರ ಹೇಳಿಬಿಡ್ರಿ. ನನಗೇನು, ಮನಿ ಐತಿ, ಮಕ್ಕಳದಾರ, ಕೃಷ್ಣಾ ಹೆಂಗೂ ಸಾಕು ಬಿಡ್ರಿ ಅಂತಾಳ. ನೀವು ಎಲ್ಲಿಗೆ ಹೋಗ್ತೀರಿ? ಎಲ್ಲಿಗೆ ಹೋಗುತ್ತಾಳೆ, ಹೌದು, ಬೆಳಿಗ್ಗೆ ಎದ್ದು ಮೆಟ್ಟಿಲೇರುವುದು ಬಿಟ್ಟರೆ ಅವಳ ದಿನದಲ್ಲಿ ಬೇರೆ ಏನಿದೆ, ಅವಲಕ್ಕಿ ಹಾಕಿದ ಆ ಕೈ, ಇನ್ನಷ್ಟು ಇನ್ನಷ್ಟು, ಆ ಮನೆಯಿಂದ ಇಷ್ಟನ್ನು ಇಸಿದುಕೊಳ್ಳುವುದೇ, ಒಂದು ಕ್ಷಣ ಆಸೆಯಾಯಿತು, ಸುಳ್ಳೇಕೆ, ಒಂದಲ್ಲ ನಾಲ್ಕು ಕ್ಷಣ. ಬ್ಯಾಡ್ರಿ, ಎಂದಳು, ಎದ್ದಳು, ಎಂಟು ಹೆಜ್ಜೆ.

ಬರೆಸಿದಾಕಿ ನಾನ್ರಿ. ರಾಯರು ಕನ್ನಡಕದ ಮೇಲಿಂದ ನೋಡಿ ನಕ್ಕರು, ಕೆಟ್ಟ ನಗುವಲ್ಲ, ಮಗುವನ್ನು ಸಮಾಧಾನ ಮಾಡುವ ನಗು, ಪಂಢರಿನ್ನ ಉಳಸಾಕ ನೀವು ಯಾಕ ಮೈಮ್ಯಾಲೆ ಹಾಕ್ಕೋತೀರಿ ಬಾಯಾರ? ನಿಮ್ಮನ್ನ ನೋಡಾಕ ಯಾರು ಬರ್ತಾರ? ಅವಳ ಕೈಯಲ್ಲಿ ಸೂಜಿ ಇತ್ತು, ಮೇಜಿನ ಮೇಲಿಟ್ಟಳು, ಹುಡುಕಿದೆನ್ರಿ, ನೀವು ಹೇಳಿದಂಗ ಒಂದೊಂದ ಚೀಟಿ, ಆ ಹನ್ನೊಂದಕ್ಕ ಚೀಟಿನ ಇಲ್ಲ. ನಡುವಿಂದ ಒಂದನ್ನ ಕಿತ್ತಿದ್ರೂ ಸೂಜಿಗೆ ಅದರ ಚೂರು ಉಳೀತಿತ್ತು, ಮ್ಯಾಲಿನವು ತಗದು ಮತ್ತ ಚುಚ್ಚಿದ್ರ ತೂತು ಸಡಲ ಆಗಿರತಿತ್ತು, ಆಗಿಲ್ಲ. ಚೀಟಿ ಇಲ್ಲದ ಹೆಸರ ಮಷೀನಿಗೆ ಬರಾಕ ಹಾದಿ ಒಂದ ಐತ್ರಿ, ಈ ಕಚೇರಿಯಾಗ ಮಷೀನ್ ಹೊಡಿಯಾಕಿ ನಾ ಒಬ್ಬಾಕಿ. ಅಷ್ಟು ಉದ್ದದ ಮಾತು ಒಂಬತ್ತು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ಆಡಿರಲಿಲ್ಲ. ರಾಯರ ನಗು ನಿಂತಿತು. ಸೂಜಿ ನೋಡಿದರು, ಅವಳನ್ನು ನೋಡಿದರು, ಮೊದಲ ಸಲ ನೋಡುವವರ ಹಾಗೆ, ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ಹೊಡೀರಿ ಹಂಗಾರ, ಪ್ರಮಾಣಪತ್ರ. ಕಾರಣ ಸರಿಯಾಗಿ ಬರೀಬೇಕ್ರಿ, ಕೋರ್ಟ್ ಅದನ್ನ ಮೊದಲ ಕೇಳತೈತಿ.

ಕೂತಳು, ಹಾಳೆ ಏರಿಸಿದಳು, ಗಡಿಯಾರ ನಾಲ್ಕು, ಆಗಲಿ, ಬೆರಳಿಗೆ ಗೊತ್ತು ಕೆಲಸ, ಕೆಳಗೆ ಸಹಿ ಮಾಡಿದ ಕಾಂತಾ ಆದ ನಾನು, ವಯಸ್ಸು ಮೂವತ್ತೆಂಟು, ಉದ್ಯೋಗ ಟೈಪಿಸ್ಟ್, ವಾಸ ಶಿವಬಸವ ನಗರ, ಪ್ರಮಾಣಪೂರ್ವಕವಾಗಿ ಹೇಳುವುದೇನೆಂದರೆ, ಸದರಿ ಗುರುವಾರ ನಾಲ್ಕು ಗಂಟೆಗೆ ಯಾರೂ ಬರುವವರಿರಲಿಲ್ಲ, ಹೊಡೆದಳು, ಬರುವವರಿರಲಿಲ್ಲ, ಕಾಗದದ ಮೇಲೆ ಎಷ್ಟು ಸಣ್ಣ ಮಾತು, ಬರುವವರಿಲ್ಲ ಎಂಬುದು ನನಗೆ ತಿಳಿದಿತ್ತು, ತಿಳಿದೂ ಆ ಹೆಸರನ್ನು ನಾನೇ ಪುಸ್ತಕಕ್ಕೆ ಸೇರಿಸಿದ್ದೆ, ಕಾರಣ — ಕಾರಣ, ಊಟ ಆತೇನ್ರಿ, ಅದನ್ನು ಬರೆಯುವುದೇ, ಕೋರ್ಟಿನಲ್ಲಿ ಯಾರಾದರೂ ಅದನ್ನು ಓದುತ್ತಾರೆಯೇ, ಕಾರಣ, ನಾಲ್ಕು ಮಡಿಕೆಯ ಚೂರು ಕಾಗದ, ಮಳೆಗೆ ಆ ಅಂಗಿಯಲ್ಲೇ ಕರಗಿಹೋಗಿರಬೇಕು ಅದು, ಕಾರಣ, ಫ್ಯಾನು ಕರ್ ಎಂದಿತು, ಈ ಸಲ ಕಿವಿ ಮೋಸ ಹೋಗಲಿಲ್ಲ, ಕಣ್ಣು ಮಾತ್ರ ಹೊಸ್ತಿಲಿಗೆ ಹೋಯಿತು, ಅಲ್ಲಿ ಏನೂ ಇಲ್ಲ, ಒಣಗಿದ ನೆಲ, ಏನೂ ಇಲ್ಲದಲ್ಲಿ ಮುದುಕಿಯ ಆ ಜೋಡು, ಒಳಗೆ ಮುಖ ಮಾಡಿ ಕಾಯುತ್ತಿರುವುದು, ಕಾರಣ, ಬಾರು ಕಿತ್ತದ್ದು, ಕೌದಿಯ ದಾರ, ಕಾರಣ, ಹಸಿರು, ಎಡಗಾಲಿನದು, ಹಸಿರು ದಾರ.