ಅಣ್ಣ ಕಟ್ಟಿದ ಗೋಡೆ

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ಈ ಇಬ್ಬರು ಗಾರೆ ಕೆಲಸದವರನ್ನೂ ಬಿಡಲಿಲ್ಲ. ಇಬ್ಬರ ಮನೆಗಳ ನಡುವಿನ ಓಣಿಯಷ್ಟು ಜಾಗ ಅಪ್ಪ ಯಾರಿಗೆ ಕೊಟ್ಟದ್ದೆಂದು ಜಗಳ ಹತ್ತಿತು. ಮಾತು ಬಿಟ್ಟ ಅಣ್ಣ ಅಲ್ಲಿ ಎತ್ತರದ ಗೋಡೆ ಎಬ್ಬಿಸಿದ. ಒಂದು ದಿನ ತಮ್ಮ ಅದನ್ನು ಕೆಡವಿದ.

ಕೆಡವಿದ್ದಾದರೂ ಹೇಗೆ! ಒಂದೊಂದೇ ಇಟ್ಟಿಗೆ ಬಿಡಿಸಿ, ಕರಣೆಯಿಂದ ಗಾರೆ ಕೆರೆದು, ಅಣ್ಣನ ಬಾಗಿಲ ಬಳಿ ಒಪ್ಪವಾಗಿ ಜೋಡಿಸಿಟ್ಟ. ಇಟ್ಟಿಗೆ ಹಾಳು ಮಾಡಬಾರದೆಂದು ಅವನಿಗೆ ಕಲಿಸಿದವನೇ ಅಣ್ಣ. ಅಣ್ಣ ಕೇಸು ಹಾಕಿದಾಗ ಆ ಬುದ್ಧಿಯೇ ಮುಳುವಾಯಿತು. ಸಿಟ್ಟಿನ ಭರದಲ್ಲಿ ಮಾಡಿದ್ದಲ್ಲ, ಬೇಕೆಂದೇ ಸಾವಕಾಶವಾಗಿ ನಷ್ಟ ಮಾಡಿದ್ದಾನೆ ಎಂದು ಕೆಳಗಿನ ಕೋರ್ಟು ಜೈಲು ಶಿಕ್ಷೆ ಕೊಟ್ಟಿತು.

ಮೇಲ್ಮನವಿಗೆಂದು ಹಿಡಿದ ವಕೀಲರು ಕೇಳಿದರು, “ಯಾಕ್ರೀ ಕೆಡವಿದ್ರಿ?”

“ಅಣ್ಣನ ಕೆಮ್ಮು ಕೇಳಿಸ್ತಿರ್ಲಿಲ್ಲ ಸಾರ್.”

ವಕೀಲರು ಪೆನ್ನು ಕೆಳಗಿಟ್ಟರು.

“ಮನೇಲಿ ನಾನೊಬ್ನೇ. ಅತ್ತಿಗೆ ಬೈಯೋದು, ಅಣ್ಣ ಕೆಮ್ಮೋದು, ಅದು ಕೇಳ್ತಾ ಊಟ ಮಾಡ್ತಿದ್ದೆ. ಗೋಡೆ ಬಂದ್ಮೇಲೆ ತುತ್ತು ಇಳೀತಿರ್ಲಿಲ್ಲ.”

“ಇದನ್ನ ಹೇಳಿದ್ರೆ ಸೀದಾ ಜೈಲಿಗೇ. ಜಾಗ ನಂದೇ ಅಂತ ನಂಬಿ ಕೆಡವಿದೆ ಅನ್ನಿ. ಹಾಗೆ ನಂಬಿದೋನಿಗೆ ಕೇಡು ಮಾಡೋ ಉದ್ದೇಶ ಇರಲ್ಲ ಅಂತ ನಾನು ವಾದ ಮಾಡ್ತೀನಿ. ಅದೊಂದೇ ದಾರಿ.”

ಅಪ್ಪ ಆ ಜಾಗವನ್ನು ಅಣ್ಣನಿಗೇ ಕೊಟ್ಟಿದ್ದೆಂದು ತಮ್ಮನಿಗೆ ಒಳಗೊಳಗೇ ಗೊತ್ತಿತ್ತು. ಆದರೆ ಜೈಲೆಂದರೆ ಯಾರಿಗೆ ಹೆದರಿಕೆಯಿಲ್ಲ ಹೇಳಿ? ನನಗಂತೂ ಅವನ ಮೇಲೆ ಸಿಟ್ಟು ಬರುವುದಿಲ್ಲ.

ವಿಚಾರಣೆಯ ದಿನ ನ್ಯಾಯಾಧೀಶರು ಅವನನ್ನೇ ಕೇಳಿದರು, “ಜಾಗ ನಿಮ್ಮದೇ ಅಂತ ನಂಬಿದ್ರಾ?”

ಹಿಂದಿನ ಬೆಂಚಿನಲ್ಲಿ ಅಣ್ಣ ಕೆಮ್ಮಿದ. ತಮ್ಮನಿಗೆ ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ.

“ಹೌದು ಸ್ವಾಮಿ. ನಂದೇ.”

ಶಿಕ್ಷೆ ರದ್ದಾಯಿತು. ವಕೀಲರು ಬೆನ್ನು ತಟ್ಟಿ ಇನ್ನೊಂದು ಕೇಸಿಗೆ ಓಡಿದರು. ಗೆದ್ದವನು ಮನೆಗೆ ಹೋಗಬೇಕಲ್ಲವೆ? ಇವನು ಮೆಟ್ಟಿಲ ಬಳಿ ಕಾದು ನಿಂತ. ಅಣ್ಣ ಹೊರಗೆ ಬಂದ. ಎಷ್ಟೋ ಕಾಲದ ಮೇಲೆ ಬಾಯಿ ಬಿಟ್ಟ.

“ಇಟ್ಟಿಗೆ ಜೋಡಿಸಿದ್ದು ನೋಡಿ, ಇವನಿನ್ನೂ ನನ್ನ ತಮ್ಮನೇ ಅಂದ್ಕೊಂಡೆ ಕಣೋ. ಕೇಸು ಹಾಕಿದ್ಮೇಲಾದ್ರೂ ಬಂದು ಮಾತಾಡಿಸ್ತೀಯ ಅಂತ ಕಾದೆ. ಇವತ್ತು ನನ್ನೆದುರಿಗೇ ನಂದು ಅಂದ್ಬಿಟ್ಟೆ.”

“ಅಣ್ಣಾ, ಅದು ವಕೀಲ್ರು…”

“ಇರ್ಲಿ ಬಿಡು. ಜಾಗ ನೀನೇ ಇಟ್ಕೋ. ನಾವು ಮನೆ ಮಾರಿ ಹೋಗ್ತೀವಿ.”

ಅಣ್ಣ ಮೆಟ್ಟಿಲಿಳಿದು ಹೋದ. ಒಳಗೆ ಜವಾನ ಬೇರೆ ಯಾರದೋ ಹೆಸರು ಕೂಗುತ್ತಿದ್ದ. ಈ ತಮ್ಮನನ್ನು ಕರೆಯುವವರು ಇನ್ನು ಯಾರೂ ಇರಲಿಲ್ಲ, ಕೋರ್ಟಿನವರೂ.