ದಡದಲ್ಲಿ ನಿಂತವನ ಹೊಣೆ

ಬೂಟು ಕಿರುಗುಟ್ಟಿತು, ಎಡಗಾಲಿನದು ಮಾತ್ರ, ಪ್ರೊಫೆಸರ ಬಲಗಾಲು ಯಾವಾಗಲೂ ಸದ್ದಿಲ್ಲದೆ ಬರುತ್ತದೆ, ಮುಂದಿನ ಬೆಂಚು ದಾಟಿತು, ಇವಳನ್ನೂ ದಾಟಿತು, ಸದ್ಯ, ಪಕ್ಕದ ಸಾಲಿಗೆ ಹೋಗಿ ಬುಗುರಿಯ ಮುಂದೆ ನಿಂತಿತು — ಏಳಮ್ಮ, ದಡದಲ್ಲಿ ಒಬ್ಬ ನಿಂತಿದಾನೆ, ನೀರಲ್ಲಿ ಯಾರೋ ಅಪರಿಚಿತ ಮುಳುಗ್ತಾ ಇದಾನೆ, ದಡದವನಿಗೆ ಈಜು ಬರುತ್ತೆ, ಆದ್ರೂ ಸುಮ್ನೆ ನೋಡ್ತಾನೆ, ನೀರಲ್ಲಿದ್ದವನು ಸತ್ತ, ದಡದವನ ಹೊಣೆ ಏನು ಹೇಳು. ಬುಗುರಿ ಎದ್ದಳು, ಸದಾ ಬೆರಳ ಸಂದಿಯಲ್ಲಿ ಪೆನ್ನು ತಿರುಗಿಸುತ್ತಾಳೆಂದು ಇವಳೇ ಇಟ್ಟ ಹೆಸರು ಅದು, ಎದ್ದವಳು ಬಾಯಿ ತೆರೆದು ಕೇಳಿಯೇಬಿಟ್ಟಳು, ಆಯ್ಕೆಗಳು ಏನೇನು ಸರ್. ತರಗತಿಯೆಲ್ಲ ಗೊಳ್ಳೆಂದಿತು, ಇವಳೂ ನಕ್ಕಳು, ಎಲ್ಲರಿಗಿಂತ ಮೊದಲು ನಕ್ಕಳೇನೋ — ಪಾಪ, ಅವಳದೇನು ತಪ್ಪು, ನಾಲ್ಕು ಉತ್ತರ ಮುಂದಿಟ್ಟರೆ ಬುಗುರಿ ಲೋಕ ಗೆಲ್ಲುತ್ತಾಳೆ, ಒಂದೂ ಇಡದಿದ್ದರೆ ಮುಗಿಯಿತು, ಹಾಗೆ ತಯಾರಿಸಿದ್ದು ಯಾರು, ಟೈರ್ ಅಂಗಡಿಯ ಮೇಲಿನ, ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯ ಕೋಚಿಂಗ್ ಕೋಣೆ, ಪುಸ್ತಕಕ್ಕೂ ರಬ್ಬರ್ ವಾಸನೆ, ಅಲ್ಲಿನ ಪ್ರಶ್ನೆಯಲ್ಲೂ ಇದೇ ನೀರು ಇತ್ತಲ್ಲ, ತತ್ವ: ಅನುಮತಿಯಿಲ್ಲದೆ ಇನ್ನೊಬ್ಬರ ಜಾಗಕ್ಕೆ ಕಾಲಿಟ್ಟವನು ತಪ್ಪಿತಸ್ಥ, ಸಂಗತಿ: ಕೊಳಕ್ಕೆ ಬಿದ್ದ ಮಗುವನ್ನು ಎತ್ತಲು ಒಬ್ಬ ಬೇಲಿ ಹಾರಿದ, ಬುಗುರಿ ಅವನನ್ನು ಬಿಡುಗಡೆ ಮಾಡಿ ಬಂದಿದ್ದಳು, ಮೇಷ್ಟ್ರು ಅವಳ ಉತ್ತರಪತ್ರಿಕೆ ಎತ್ತಿ ಹಿಡಿದು, ನಿನ್ನ ಕರುಣೆ ಯಾರು ಕೇಳಿದ್ರು ತಾಯಿ, ತತ್ವ ಕೊಟ್ಟಿದೆ, ಸಂಗತಿ ಕೊಟ್ಟಿದೆ, ಮಧ್ಯ ನಿನ್ನ ತಲೆ ಯಾಕೆ ತಂದೆ, ಮಗು ಸತ್ರೆ ಸಾಯ್ಲಿ, ಮಾರ್ಕು ಬದುಕುತ್ತೆ. ಆವತ್ತೂ ಎಲ್ಲರೂ ನಕ್ಕಿದ್ದರು. ಆಮೇಲೆ ಮೆಟ್ಟಿಲ ಮೇಲೆ ಕೂರಿಸಿಕೊಂಡು ಇವಳೇ ಹೇಳಿಕೊಟ್ಟಳು, ನೋಡೇ, ನಾಲ್ಕರಲ್ಲಿ ಎರಡು ಹೊಡೆದುಹಾಕು, ಉಳಿದೆರಡರಲ್ಲಿ ಒಂದು ಕುಟ್ಟು, ಏನೂ ತೋಚದಿದ್ರೆ ಖಾಲಿ ಬಿಡು, ತಪ್ಪಿಗೆ ಅಂಕ ಕಳೀತಾರೆ, ಖಾಲಿಗೆ ಶಿಕ್ಷೆ ಇಲ್ಲ. ಬುಗುರಿಗೆ ಕಾನೂನು ಬೇಕಿರಲೇ ಇಲ್ಲ, ಅವಳ ಪಾಡಿಗೆ ಅವಳು ಅಮ್ಮನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುತ್ತ ಕೂತಿದ್ದಳು, ನೀನೂ ಬಾರೇ ಎಂದು ಎಳೆದು ತಂದವಳು ಇವಳು, ಒಬ್ಬಳೇ ಓದಿದರೆ ನಿದ್ದೆ, ಪಕ್ಕದಲ್ಲಿ ತನಗಿಂತ ಕಡಿಮೆ ಅಂಕದವಳೊಬ್ಬಳು ಇದ್ದರೆ ನಿದ್ದೆ ಹಾರಿಹೋಗುತ್ತದೆ, ಕತ್ತಿ ಮಸೆಯಲು ಕಲ್ಲು ಬೇಕಲ್ಲ. ಕಲ್ಲೂ ಪಾಸಾಗುತ್ತದೆಂದು ಯಾರಿಗೆ ಗೊತ್ತಿತ್ತು.

ಈಗ ಕಲ್ಲಿಗೆ ಕಾನೂನು ಬೇಕಾಗಿದೆ, ಅದೇ ತಮಾಷೆ, ಅಮ್ಮ ಹೊಲಿದ ಕರಿ ಕೋಟು ಹಾಕಿಕೊಂಡು ಹಾಸ್ಟೆಲ್ ಕನ್ನಡಿಯ ಮುಂದೆ ಮಾನ್ಯ ನ್ಯಾಯಾಧೀಶರೇ ಎನ್ನುತ್ತಾಳೆ, ಮನೆಯಲ್ಲಿ ಅವಳ ಅಪ್ಪನದು ಒಂದೇ ಮಾತು, ಒಂದು ವರ್ಷ ಹೋಯ್ತೋ, ಗಂಟುಮೂಟೆ ಕಟ್ಕೊಂಡು ಬಾ, ಮಷೀನ್ ತುಳಿ. ವರ್ಷ ಹೋಗಲು ಇನ್ನೊಂದೇ ಗೆರೆ ಸಾಕು. ಪ್ರೊಫೆಸರ ಕಟ್ಟಳೆ ಅದು: ನಿಂತವಳಿಗೆ ಬರದ ಪ್ರಶ್ನೆಗೆ ತರಗತಿಯಲ್ಲಿ ಬೇರೆ ಯಾರಾದರೂ ಉತ್ತರಿಸಿದರೆ ನಿಂತವಳ ಹೆಸರಿನ ಮುಂದೆ ಗೆರೆ, ಮೂರು ಗೆರೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ, ಯಾರಿಗೂ ಬರದಿದ್ದರೆ ಮಾತ್ರ ಪ್ರಶ್ನೆಯೇ ಕಷ್ಟದ್ದು, ಕೂತ್ಕೊ. ಅದಕ್ಕೇ ತರಗತಿಯಲ್ಲೊಂದು ಬಾಯಿಮಾತಿನ ಒಪ್ಪಂದ, ಎರಡು ಗೆರೆ ಬಿದ್ದವರ ಪ್ರಶ್ನೆಗೆ ಯಾರೂ ಬಾಯಿ ಬಿಡುವುದಿಲ್ಲ. ಬುಗುರಿಗೆ ಎರಡಾಗಿದೆ. ಅವನು ಕಾಪಾಡಬೇಕಿತ್ತು ಸರ್, ಬುಗುರಿ ಹೇಳುತ್ತಿದ್ದಾಳೆ, ಅವನದೇ ತಪ್ಪು. ಯಾವ ಕಾನೂನಲ್ಲಮ್ಮ. ಮನುಷ್ಯತ್ವ ಸರ್. ಅದು ಯಾವ ಸೆಮಿಸ್ಟರಲ್ಲಿದೆ. ಮತ್ತೆ ನಗು, ಆಮೇಲೆ ಎಲ್ಲರೂ ತಲೆ ತಗ್ಗಿಸಿದರು, ಒಪ್ಪಂದ, ಒಪ್ಪಂದ, ಉತ್ತರ ಇವಳ ನಾಲಗೆಯ ತುದಿಯಲ್ಲಿದೆ, ಇನ್ನರ್ಧ ನಿಮಿಷ ನುಂಗಿಕೊಂಡರೆ ಸಾಕು — ಬೆಂಚಿನ ಅಂಚು ಹಿಡಿದ ಬುಗುರಿಯ ಬೆರಳು ಕಾಣುತ್ತಿದೆ, ತುದಿಗಳಲ್ಲಿ ರಕ್ತವಿಲ್ಲ, ಬಿಳಿ — ಕೋಚಿಂಗ್ ಮೇಷ್ಟ್ರು ಇನ್ನೊಂದೂ ಹೇಳಿದ್ದರು, ಗೊತ್ತಿದ್ದನ್ನ ಬಿಟ್ಟು ಬರೋನು ಕತ್ತೆ, ಪಕ್ಕದಲ್ಲಿ ಕೂತೋಳು ಗೆಳತಿಯಲ್ಲ, ಒಂದು ರ‍್ಯಾಂಕು, ಮತ್ತು ಪ್ರೊಫೆಸರು ಈ ಸಲ ಹಿರಿಯ ವಕೀಲರ ಕಚೇರಿಗೆ ಕೆಲಸ ಕಲಿಯಲು ಒಬ್ಬರನ್ನೇ ಕಳಿಸುತ್ತಾರಂತೆ, ಒಬ್ಬರನ್ನೇ, ಕೈ ತಾನಾಗಿಯೇ ಎದ್ದಿತು ಎಂದರೆ ಸುಳ್ಳು, ಇವಳೇ ಎತ್ತಿದಳು.

ಹೊಣೆ ಇಲ್ಲ ಸರ್, ಅಪರಿಚಿತನನ್ನ ಕಾಪಾಡಲೇಬೇಕು ಅಂತ ಕಾನೂನು ಹೇಳಲ್ಲ. ಹಿಂದಿನ ಬೆಂಚಿನಿಂದ ಯಾರೋ ಥೂ ಎಂದರು. ಸರಿ, ಹಾಗಾದ್ರೆ ಹೊಣೆ ಬರೋದು ಯಾವಾಗ, ಅದನ್ನೂ ಹೇಳು. ಅವನನ್ನ ನೀರಿಗೆ ಇಳಿಸಿದ್ದು ದಡದವನೇ ಆಗಿದ್ರೆ ಸರ್. ಎಷ್ಟು ಸ್ಪಷ್ಟ ದನಿ, ಒಂದಿಷ್ಟೂ ನಡುಗಲಿಲ್ಲ, ಭೇಷ್ ಎಂದರು ಪ್ರೊಫೆಸರು, ಕೂತ್ಕೊ, ಬುಗುರಿಯತ್ತ ತಿರುಗಿ, ನೀನೂ ಕೂತ್ಕೊಳ್ಳಮ್ಮ, ಮೂರಾಯ್ತು ನಿಂದು, ಬೂಟು ಕಿರುಗುಟ್ಟುತ್ತ ಮೇಜಿಗೆ ಹೋಯಿತು, ಹೊಸ ಪ್ರಶ್ನೆ ಬಂತು, ಪುಟಗಳು ಮಗುಚಿದವು, ಇವಳೂ ಮಗುಚಿದಳು, ಓದಲು ನೋಡಿದಳು, ಅಕ್ಷರ ನಿಲ್ಲುತ್ತಿಲ್ಲ, ಬುಗುರಿ ಕೂತಿದ್ದಾಳೆ, ಇತ್ತ ತಿರುಗಿಲ್ಲ, ಅಳುತ್ತಲೂ ಇಲ್ಲ, ಬೆರಳು ಮಾತ್ರ ಅಂಚು ಬಿಟ್ಟಿಲ್ಲ, ಬಿಡೇ, ಕೂತಾಯ್ತಲ್ಲ, ಇನ್ನು ಬಿಡು, ಬಿಡುತ್ತಿಲ್ಲ, ಬಿಳಿ ತುದಿಗಳು, ಮರದ ಅಂಚು, ಬಿಳಿ ತುದಿಗಳು —