ಒಂಬತ್ತನೆಯ ಗುರುತು

ಗಂಡ ಸತ್ತು ಏಳು ವಾರವಾಗಿತ್ತು. ಮೀನು ಎಲ್ಲೆಲ್ಲಿ ಸಿಗುತ್ತದೆಂದು ಅವನು ಯಾರ ಮುಂದೆಯೂ ಬಾಯಿ ಬಿಟ್ಟವನಲ್ಲ, ಹೆಂಡತಿಯ ಮುಂದೆಯೂ. ನಲವತ್ತೊಂದು ಜಾಗಗಳ ಗುರುತನ್ನು ದೋಣಿಯ ಪುಟ್ಟ ಜಿಪಿಎಸ್ ಸ್ಕ್ರೀನಿಗೆ ಮಾತ್ರ ಹೇಳಿ ಹೋಗಿದ್ದ. ಇನ್ನು ದೋಣಿ ನಡೆಸಬೇಕಾದವಳು ಅವಳು. ಸ್ಕ್ರೀನ್ ಬದುಕಿದ್ದರೆ ಬದುಕು.

ಅದಕ್ಕೇ ದೋಣಿಗಳ ವೈರಿಂಗ್ ಮಾಡುವ ಮುದುಕನನ್ನು ಕರೆಸಿದ್ದಳು. ಮದುವೆ ಮಾತುಕತೆಯಲ್ಲೂ ಮಧ್ಯೆ ಒಂದು ಫ್ಯೂಸ್ ಇರಲಿ ಎನ್ನುವ ಆಸಾಮಿ. ಹಾಗಾಗಿ ಎಲ್ಲರ ಬಾಯಲ್ಲೂ ಫ್ಯೂಸಪ್ಪ. ಕರೆಯದೆಯೇ ಬಂದವನು ಮೈದುನ. ಟ್ಯಾಕ್ಸಿ ಓಡಿಸಲು ಅವನಿಗೆ ಲೈಸೆನ್ಸ್ ಇತ್ತು. ಬಾಯಿ ಓಡಿಸಲು ಅದರ ಅಗತ್ಯ ಬಿದ್ದಿರಲಿಲ್ಲ.

ಶೆಡ್ಡಿನಲ್ಲಿ ದೋಣಿಯ ಹಿಂದೆ ನೀರಿನ ಡ್ರಮ್ ಇಟ್ಟು, ಓಡುವಾಗ ಬಿಸಿಯೇರದಿರಲೆಂದು ಮೋಟರಿನ ಕಾಲು ಮುಳುಗಿಸಿದರು. ಮೋಟರ್ ಹುಟ್ಟಿಸುವ ಕರೆಂಟಿಗೆ ಲಂಗುಲಗಾಮಿಲ್ಲ, ವೇಗ ಏರಿದಂತೆ ಅದೂ ಏರುತ್ತದೆ ಎಂದು ಫ್ಯೂಸಪ್ಪ ವಿವರಿಸಿದ. ಮೊದಲು ಅದನ್ನು ಹದಕ್ಕೆ ತರುವ ರೆಗ್ಯುಲೇಟರ್, ಆಮೇಲೆ ಬ್ಯಾಟರಿ, ಅಲ್ಲಿಂದ ಫ್ಯೂಸ್ ದಾಟಿ ಸ್ಕ್ರೀನ್. ಏರಿಳಿತವನ್ನೆಲ್ಲ ನುಂಗಿಕೊಳ್ಳುವುದು ಬ್ಯಾಟರಿ. ಅವಳು ತಲೆಯಾಡಿಸಿದಳು. ಏಳು ವಾರದಿಂದ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು.

ಸ್ಕ್ರೀನ್ ಬೆಳಗಿತು. ಗುರುತುಗಳೆಲ್ಲ ಹಾಗೇ ಇದ್ದವು. ಕಾಗದದಲ್ಲೂ ಬರೆದಿಟ್ಟುಕೊಳ್ಳಲು ಹೇಳಿ ಫ್ಯೂಸಪ್ಪ ಮೋಟರ್ ಶುರು ಮಾಡಿದ, ಮೀಟರ್ ನೋಡಿ ಸಮಾಧಾನಪಟ್ಟ. ಮೈದುನ ಹೊರಗೆ ಫೋನಿನಲ್ಲಿದ್ದ.

"ಮೋಟರ್ ಓಡ್ತಿರೋವಾಗ ಬ್ಯಾಟರಿ ವೈರ್ ಮಾತ್ರ ಬಿಚ್ಬೇಡಿ," ಎಂದು ಹೇಳಿ ಫ್ಯೂಸಪ್ಪ ಸೈಕಲ್ಲಿನ ಚೀಲದಿಂದ ಫ್ಯೂಸ್ ಡಬ್ಬಿಯ ಮುಚ್ಚಳ ತರಲು ಹೋದ.

ಅವಳು ಗುರುತುಗಳ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಯಾರದೋ ಫೋನ್ ನಂಬರ್ ಬರೆದುಕೊಳ್ಳುವಂತೆ ಬರೆಯುತ್ತ ಕೂತಳು. ಒಂಬತ್ತನೆಯದಕ್ಕೆ ಬಂದಾಗ ಮೈದುನ ಒಳಬಂದ.

"ಚಾರ್ಜ್ ಆಗ್ತಿದ್ಯಾ ನೋಡೋಕೆ ಮೀಟರ್ ಯಾಕೆ ಅತ್ತಿಗೆ? ಓಡ್ತಿರೋವಾಗ್ಲೇ ಬ್ಯಾಟರಿ ತೆಗೆದ್ಬಿಡೋದು. ಇಂಜಿನ್ ನಿಲ್ಲಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ. ನಮ್ಮ ಸ್ಟ್ಯಾಂಡಲ್ಲಿ ಎಲ್ರೂ ಹೀಗೇ ನೋಡೋದು."

ಅವನ ಕೈ ಬ್ಯಾಟರಿ ವೈರಿನ ಕ್ಲಾಂಪಿನತ್ತ ಹೋಗುವುದನ್ನು ಅವಳು ನೋಡಿದಳು. ಫ್ಯೂಸಪ್ಪನ ಮಾತು ನೆನಪಿಗೂ ಬಂತು, ಅಕ್ಷರ ಬಿಡದೆ. ಬಾಯಿಗೆ ಮಾತ್ರ ಬರಲಿಲ್ಲ.

ಮೋಟರ್ ಮತ್ತು ಸ್ಕ್ರೀನ್, ಎರಡರ ವೈರುಗಳೂ ಒಂದೇ ಕ್ಲಾಂಪಿನಲ್ಲಿದ್ದವು. ಅವನು ಅದನ್ನು ಎತ್ತಿದ. ಮೋಟರ್ ನಿಲ್ಲಲಿಲ್ಲ.

"ನೋಡಿದ್ರಾ?" ಎಂದ, ಹೆಮ್ಮೆಯಿಂದ.

ಅವಳು ಸ್ಕ್ರೀನ್ ನೋಡುತ್ತಿದ್ದಳು. ಅದು ಬೆಳ್ಳಗಾಯಿತು, ಆಮೇಲೆ ಕಪ್ಪಾಯಿತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು.

ಫ್ಯೂಸಪ್ಪ ಮುಚ್ಚಳ ಹಿಡಿದು ಬಂದವನು ಮೋಟರ್ ಆರಿಸಿದ. ಸ್ಕ್ರೀನಿನ ಬೆನ್ನು ಬಿಚ್ಚಿ ನೋಡಿ, ನುಂಗಲು ಬ್ಯಾಟರಿ ಇಲ್ಲದೆ ಏರಿದ ಕರೆಂಟೆಲ್ಲ ಫ್ಯೂಸ್ ಹಾರುವ ಮೊದಲೇ ಇದಕ್ಕೆ ಹೊಡೆದಿದೆ, ಇದು ಇನ್ನು ಏಳುವುದಿಲ್ಲ ಎಂದ. ತನ್ನ ಕಾರಿನಲ್ಲಿ ಹೀಗೆ ಯಾವತ್ತೂ ಆಗಿಲ್ಲವೆಂದು ಮೈದುನ ಎರಡು ಸಲ ಹೇಳಿದ.

"ನೀವು ಇಲ್ಲೇ ಇದ್ರಲ್ಲಮ್ಮ?" ಎಂದ ಫ್ಯೂಸಪ್ಪ.

"ಇದ್ದೆ."

ಅವಳು ಕಾಗದ ಮುಂದೆ ಹಿಡಿದಳು. ಎಂಟು ಗುರುತು ಪೂರ್ತಿ ಇದ್ದವು, ಒಂಬತ್ತನೆಯದರ ಕೊನೆಗೆ ಎರಡು ಅಂಕಿ ಇರಲಿಲ್ಲ.

"ಇವನ್ನ ಫೋನಿಗೆ ಹಾಕಿದ್ರೆ ದಾರಿ ತೋರ್ಸುತ್ತಾ?"

"ತೋರ್ಸುತ್ತೆ. ಬ್ಯಾಟರಿಯಿಂದ ಒಂದು ಚಾರ್ಜರ್ ಪಾಯಿಂಟ್ ಹಾಕ್ಕೊಡ್ತೀನಿ. ಮಧ್ಯೆ ಫ್ಯೂಸ್."

"ಈ ಒಂಬತ್ತನೇದು?"

ಫ್ಯೂಸಪ್ಪ ಕನ್ನಡಕ ಏರಿಸಿ ನೋಡಿದ. "ಇನ್ನೂರು ಮೀಟರ್ ಹೆಚ್ಚುಕಮ್ಮಿ ಆಗುತ್ತೆ. ಸುತ್ತಮುತ್ತ ಹುಡುಕ್ಬೇಕು."

ಅವಳು ತಲೆಯಾಡಿಸಲಿಲ್ಲ. ಕಾಗದ ಮಡಚಿಟ್ಟುಕೊಂಡು, "ಮೊದಲು ಅದಕ್ಕೇ ಹೋಗ್ತೀನಿ," ಎಂದಳು.